ಪ್ರಾಕ್ಸ್ ಬಯಲಿನಲ್ಲಿ ಮಾಂಸ ಮುಟ್ಟದ ವೈದ್ಯೆ

ನಾವು ಗೆಳೆಯರು ಆಡುವುದು ರೋಲ್-ಪ್ಲೇಯಿಂಗ್ ಆಟ: ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಆಡುತ್ತ, ದಾಳ ಉರುಳಿಸಿ ಕಥೆ ಕಟ್ಟುವುದು. ಮೂರನೇ ಸೆಷನ್ನಿಗೇ ನಮ್ಮ ಆಟ ಒಂದು ಬಟ್ಟಲಿನ ಮುಂದೆ ನಿಂತುಬಿಟ್ಟಿತು.

ಬೈಸನ್ ಸವಾರರ ಗುಡಾರ. ಒಳಗೆ ಮುಖ್ಯಸ್ಥನ ತಾಯಿ, ಅಂದರೆ ಕಥೆ ನಡೆಸುವ ಗೇಮ್ ಮಾಸ್ಟರ್ ಆದ ನಾನು ಆಡಿಸುತ್ತಿದ್ದ ಮುದುಕಿ. ಎದುರಿಗೆ ಚಲಾನಾ ಅರಾಯ್ ದೇವಿಯ ವೈದ್ಯೆ. ಆಗಷ್ಟೇ ಮುದುಕಿಯ ಮೊಮ್ಮಗನ ಮುರಿದ ಕಾಲು ಸರಿ ಮಾಡಿ ಕೂತಿದ್ದಾಳೆ. ಮುದುಕಿ ಬಟ್ಟಲು ಮುಂದಿಟ್ಟಳು. "ಮಾಂಸ ತಿನ್ನಲ್ಲ ಅಂದೆಯಲ್ಲ ತಾಯಿ, ಇದು ಮಾಂಸ ಅಲ್ಲ. ಹಾಲಿಗೆ ಸ್ವಲ್ಪ ರಕ್ತ ಬೆರೆಸಿದ್ದೀನಿ. ಬೈಸನ್ ಸತ್ತಿಲ್ಲ. ನೋಡು, ಹೊರಗೆ ಮೇಯ್ತಾ ಇದೆ."

ವೈದ್ಯೆಯ ಪಾತ್ರ ಆಡುತ್ತಿದ್ದ ಆಟಗಾರ್ತಿ ದಾಳ ಕೆಳಗಿಟ್ಟು ನನ್ನ ಮುಖ ನೋಡಿದಳು. "ಇದಕ್ಕೆ ಏನು ರೂಲ್?"

ನನ್ನ ಹತ್ತಿರ ಯಾವ ರೂಲೂ ಇರಲಿಲ್ಲ. ಸಸ್ಯಾಹಾರ ವ್ರತದ ಭಾಗ ಅಂತ ಮೊದಲ ದಿನವೇ ಒಪ್ಪಿಕೊಂಡಿದ್ದೆವು. ಅದರ ಗಡಿ ಎಲ್ಲಿ ಅಂತ ಇಬ್ಬರೂ ಯೋಚಿಸಿರಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಆಡುವುದು ರೂನ್‌ಕ್ವೆಸ್ಟ್. 1978ರಲ್ಲಿ ಬಂದ ಆಟ. ಅದು ನಡೆಯುವ ಗ್ಲೊರಾಂತಾ ಲೋಕವನ್ನು ಗ್ರೆಗ್ ಸ್ಟಾಫರ್ಡ್ ಕಟ್ಟಲು ಶುರು ಮಾಡಿದ್ದು ಅದಕ್ಕೂ ಮೊದಲು, 1966ರಲ್ಲಿ. ಚಲಾನಾ ಅರಾಯ್ ಅಲ್ಲಿ ಗಾಯ ಮಾಯಿಸುವ ದೇವಿ. ಯಾರಿಗೂ ನೋವು ಮಾಡುವುದಿಲ್ಲ ಎಂದು ಅವಳ ಭಕ್ತರು ಆಣೆ ಮಾಡುತ್ತಾರೆ. ಹಸಿರು ಕಣಿವೆಯಲ್ಲೋ ನದಿ ದಂಡೆಯಲ್ಲೋ ಈ ಆಣೆ ಸುಲಭ. ನಾನು ಅವಳನ್ನು ಒಯ್ದು ಬಿಟ್ಟಿದ್ದು ಪ್ರಾಕ್ಸ್‌ಗೆ.

ಪ್ರಾಕ್ಸ್ ಒಣ ಬಯಲು. ಜನ ಬೈಸನ್, ಜಿಂಕೆ ಥರದ ಇಂಪಾಲಾ ಮತ್ತು ಸೇಬಲ್, ಎತ್ತರದ ಲಾಮಾಗಳ ಮೇಲೆ ಕೂತು ಮಂದೆಯ ಹಿಂದೆ ತಿರುಗುತ್ತಾರೆ. ಆ ಲೋಕದ ಪುರಾಣದಲ್ಲಿ ಸೂರ್ಯನೇ ಇಲ್ಲದ ಮಹಾ ಕತ್ತಲೆಯ ಕಾಲದಲ್ಲಿ ಎಲ್ಲರಿಗೂ ಸಾಲುವಷ್ಟು ಆಹಾರ ಉಳಿದಿರಲಿಲ್ಲ. ಆಗ ವಾಹಾ ಎಂಬ ದೇವರು ಮನುಷ್ಯರಿಗೂ ಪ್ರಾಣಿಗಳಿಗೂ ಪೈಪೋಟಿ ಇಟ್ಟು ಒಪ್ಪಂದ ಮಾಡಿಸಿದ: ಗೆದ್ದವರು ತಿನ್ನುತ್ತಾರೆ, ಸೋತವರು ಹುಲ್ಲು ಮೇಯುತ್ತಾರೆ. ಹೆಚ್ಚಿನ ಕಡೆ ಮನುಷ್ಯರು ಗೆದ್ದರು. ಟ್ಯಾಪಿರ್ (ಉದ್ದ ಮೂತಿಯ, ಹಂದಿಯಂಥ ಪ್ರಾಣಿ) ಥರದ ಮೊರೊಕಾಂತ್‌ಗಳ ಎದುರು ಮಾತ್ರ ಸೋತರು, ಹಾಗಾಗಿ ಅವು ಇವತ್ತಿಗೂ ಮನುಷ್ಯರ ಮಂದೆ ಸಾಕುತ್ತವೆ. ಇಂಥ ಕಡೆ ಬಂದು "ನಾನು ಮಾಂಸ ತಿನ್ನಲ್ಲ" ಅಂದರೆ ಊಟ ಬೇಡ ಅಂದಷ್ಟೇ ಆಗುವುದಿಲ್ಲ. ಅವರು ಬದುಕಿ ಉಳಿದ ಕಥೆಯನ್ನೇ ಬೇಡ ಅಂದ ಹಾಗೆ, ಅಲ್ವಾ?

ಆ ರಾತ್ರಿ ಆಟ ಅಲ್ಲಿಗೇ ನಿಲ್ಲಿಸಿ, ಮನೆಗೆ ಬಂದು ಲೆಕ್ಕ ಹಾಕಲು ಕೂತೆ. ದಿನವಿಡೀ ನಡೆಯುವ ಮನುಷ್ಯರಿಗೆ ಸುಮಾರು 2,800 ಕ್ಯಾಲೊರಿ ಬೇಕು ಅಂದುಕೊಳ್ಳಿ. 100 ಗ್ರಾಂ ಒಣ ಧಾನ್ಯದಲ್ಲಿ ಹೆಚ್ಚುಕಮ್ಮಿ 350 ಇರುತ್ತದೆ. ಅಂದರೆ ದಿನಕ್ಕೆ 800 ಗ್ರಾಂ. 40 ದಿನದ ಪ್ರಯಾಣಕ್ಕೆ 32 ಕಿಲೋ. ಹೊರುವ ಪ್ರಾಣಿ ಇದ್ದರೆ ಇದೇನೂ ದೊಡ್ಡದಲ್ಲ. ಎಲ್ಲರೂ ಮೊದಲು ಕೇಳುವುದು ಪ್ರೋಟೀನ್ ಬಗ್ಗೆ. ಆ ಚಿಂತೆ ಬೇಡವೇ ಬೇಡ. ಅಷ್ಟು ಧಾನ್ಯ ತಿಂದರೆ ಅದರಲ್ಲೇ ಬೇಕಾದಷ್ಟು ಬರುತ್ತದೆ, ಜೊತೆಗೆ ಸ್ವಲ್ಪ ಕಾಳು ಬಿದ್ದರೆ ಧಾನ್ಯದಲ್ಲಿ ಕಮ್ಮಿ ಇರುವ ಲೈಸಿನ್ ಎಂಬ ಪ್ರೋಟೀನ್ ಅಂಶ ಕೂಡ ತುಂಬಿಕೊಳ್ಳುತ್ತದೆ. ಬಿ12 ಗಿಡಗಳಲ್ಲಿ ಸಿಗುವುದಿಲ್ಲ ನಿಜ, ಆದರೆ ಹಾಲಿನಲ್ಲಿದೆ. ಹಾಲೂ ಇಲ್ಲ ಅಂದರೂ ಯಕೃತ್ತಿನಲ್ಲಿ ಕೂಡಿಟ್ಟಿದ್ದು ವರ್ಷಗಟ್ಟಲೆ ಬರುತ್ತದೆ. ನಮ್ಮ ಕ್ಯಾಂಪೇನ್, ಅಂದರೆ ಸೆಷನ್ನಿಂದ ಸೆಷನ್ನಿಗೆ ಮುಂದುವರಿಯುವ ಕಥೆ, ಅಷ್ಟು ದಿನ ನಡೆದರೆ ನನ್ನ ಪುಣ್ಯ.

ತೊಂದರೆ ಬಂದಿದ್ದು ಬೇರೆ ಕಡೆಯಿಂದ. ಮುಂದಿನ ಸೆಷನ್ನಿಗೆ ಜಾಣತನ ಮಾಡಿ ವೈದ್ಯೆಗೆ ಎರಡು ಚೀಲ ಒಣ ಕಾಳು ಕೊಟ್ಟೆ. ನಾಲ್ಕು ದಿನ ಕಳೆಯಿತು. ಇಂಪಾಲಾ ಸವಾರನ ಪಾತ್ರ ಆಡುತ್ತಿದ್ದ ಗೆಳೆಯ ಮೆಲ್ಲಗೆ ಕೇಳಿದ: "ಬೇಯಿಸೋಕೆ ನೀರು ಎಲ್ಲಿಂದ ಬಂತು?" ಎಲ್ಲರೂ ಸುಮ್ಮನಾದರು. ಕಾಳು ನೆನೆಯಬೇಕು, ಬೇಯಬೇಕು. ನೀರು ಸಿಗುವುದು ಓಯಸಿಸ್‌ನಿಂದ ಓಯಸಿಸ್‌ಗೆ. ಒಲೆಗೆ ಇರುವುದು ಒಣ ಸಗಣಿ. ಒಣ ಮಾಂಸಕ್ಕೆ ಇದ್ಯಾವುದೂ ಬೇಡ, ಸವಾರಿ ಮಾಡುತ್ತಲೇ ಅಗಿಯಬಹುದು. ಬಯಲಿನ ಜನ ಅದನ್ನು ಸುಮ್ನೆ ನೆಚ್ಚಿಕೊಂಡಿಲ್ಲ.

ಕಾಳು ಚೀಲ ಪೂರ್ತಿ ಬಿಡಲಿಲ್ಲ, ಉಪಯೋಗ ಬದಲಾಯಿತು. ಹೊಟ್ಟೆ ತುಂಬಿಸೋಕೆ ಹುರಿದು ಬೀಸಿದ ಧಾನ್ಯದ ಹಿಟ್ಟು ಕೊಟ್ಟೆ. ಅದಕ್ಕೆ ಬೆಂಕಿ ಬೇಡ, ಒಂದು ಲೋಟ ನೀರಲ್ಲೋ ಮಜ್ಜಿಗೆಯಲ್ಲೋ ಕಲಸಿದರೆ ಆಯಿತು. ಜೊತೆಗೆ ತುಪ್ಪ, 100 ಗ್ರಾಂಗೆ 900ರ ಹತ್ತಿರ ಕ್ಯಾಲೊರಿ. ಕಾಳನ್ನು ಒಂದೊಂದು ಹಿಡಿಯಷ್ಟು ಒದ್ದೆ ಬಟ್ಟೆಯಲ್ಲಿ ಕಟ್ಟಿ ಜೀನಿಗೆ ನೇತುಹಾಕುವುದು ಆಟಗಾರ್ತಿಯ ಐಡಿಯಾ. ಎರಡು ಮೂರು ದಿನಕ್ಕೆ ಮೊಳಕೆ. ಒಣ ಕಾಳಿನಲ್ಲಿ ಇಲ್ಲದಷ್ಟು ಸಿ ವಿಟಮಿನ್ ಮೊಳಕೆಯಲ್ಲಿ ಬರುತ್ತದೆ. ಸೊಪ್ಪು ಹಣ್ಣು ಇಲ್ಲದೆ ಎರಡು ಮೂರು ತಿಂಗಳು ಕಳೆದರೆ ಒಸಡಲ್ಲಿ ರಕ್ತ ಬರಲು ಶುರುವಾಗುತ್ತದೆ. ಊರಿಗೆಲ್ಲ ಔಷಧಿ ಕೊಡುವವಳ ಹಲ್ಲೇ ಅಲ್ಲಾಡಿದರೆ ಹೇಗೆ?

ಹಿಟ್ಟು ಎಲ್ಲಿಂದ ಬರಬೇಕು ಅಂತ ಹುಡುಕಿದಾಗ ನಕ್ಷೆಯೇ ಉತ್ತರ ಕೊಟ್ಟಿತು. ಜೋಲಾ ಫೆಲ್ ನದಿಯ ದಂಡೆಯಲ್ಲಿ ಬೇಸಾಯ ಇದೆ, ಓಯಸಿಸ್‌ಗಳಲ್ಲಿ ತೋಟ ಮಾಡುವ ಜನ ಇದ್ದಾರೆ. ವೈದ್ಯೆಯ ದಾರಿ ಅವುಗಳನ್ನು ಮುಟ್ಟಿಕೊಂಡೇ ಹೋಗಬೇಕು. ಹೀಗೆ ಅವಳ ಊಟ ನಮ್ಮ ಕಥೆಯ ದಾರಿಯನ್ನೇ ತಿರುಗಿಸಿತು. ಹುಣ್ಣಿಗೆ ಮದ್ದು ಹಾಕಿದ್ದಕ್ಕೆ ಚೀಲ ಹಿಟ್ಟು, ಹೆರಿಗೆ ಮಾಡಿಸಿದ್ದಕ್ಕೆ ಎರಡು ಚೀಲ. ಅವಳಿಗೆ ಯಾರೂ ಬೆಳ್ಳಿ ಕೊಡುವ ಅಗತ್ಯವೇ ಬರಲಿಲ್ಲ.

ಬಯಲಿನ ನಡುವೆ ಮಾತ್ರ ಹಾಲೇ ಗತಿ. ಮನುಷ್ಯ ತಿನ್ನಲಾರದ ಹುಲ್ಲನ್ನು ತಿನ್ನಬಹುದಾದ ಊಟ ಮಾಡಿಕೊಡುವುದು ಅಲ್ಲಿ ಪ್ರಾಣಿ ಒಂದೇ. ಆದರೆ ಹಾಲು ವರ್ಷಪೂರ್ತಿ ಇರುವುದಿಲ್ಲ. ಗ್ಲೊರಾಂತಾದ ವರ್ಷಕ್ಕೆ 294 ದಿನ. ಕತ್ತಲೆ ಋತು 56, ಬಿರುಗಾಳಿ ಋತು 56, ಪವಿತ್ರ ಕಾಲ 14. ಒಟ್ಟು 126 ದಿನ ಕೆಚ್ಚಲು ಬತ್ತಿರುತ್ತದೆ ಅಂತ ನಾನು ಇಟ್ಟುಕೊಂಡೆ. ಆ ದಿನಗಳಿಗೆ ಒಬ್ಬಳಿಗೇ 100 ಕಿಲೋ ಹಿಟ್ಟು ಬೇಕು. ಅಲೆಮಾರಿ ಗುಡಾರದಲ್ಲಿ ಇಡೋಕೆ ಜಾಗ ಇಲ್ಲ. ಹಾಗಾಗಿ ಚಳಿಗಾಲದಲ್ಲಿ ಅವಳು ಓಯಸಿಸ್‌ನಲ್ಲೇ ಉಳಿಯುತ್ತಾಳೆ, ಕಾಯಿಲೆಯವರು ಅಲ್ಲಿಗೇ ಬರುತ್ತಾರೆ. ಬಂದವರ ಜೊತೆ ಸುದ್ದಿಯೂ ಜಗಳವೂ ಬರುವುದರಿಂದ ಗೇಮ್ ಮಾಸ್ಟರ್‌ಗೆ ಅದು ಹಬ್ಬ.

ಇನ್ನು ಆ ಬಟ್ಟಲು. ಉತ್ತರ ನಾನು ಹೇಳಲಿಲ್ಲ, ಆಟಗಾರ್ತಿಗೇ ಬಿಟ್ಟೆ. ಒಂದು ವಾರ ಯೋಚಿಸಿ ಬಂದಳು. "ಸೂಜಿ ಚುಚ್ಚಿದರೂ ನೋವೇ. ರೋಗಿಗಾದರೆ ಚುಚ್ಚುತ್ತೀನಿ, ನನ್ನ ಹಸಿವಿಗೆ ಚುಚ್ಚಲ್ಲ." ಹಾಲು ಸರಿ, ತುಪ್ಪ ಸರಿ, ರಕ್ತ ಬೇಡ. ಗುಡಾರ ಚರ್ಮದ್ದು, ನೀರಿನ ಚೀಲ ಚರ್ಮದ್ದು, ಜೀನೂ ಚರ್ಮದ್ದು. ಅದಕ್ಕೆ ಅವಳು ತಕರಾರು ಮಾಡಲಿಲ್ಲ, ನಾನೂ ಕೆದಕಲಿಲ್ಲ.

ಕೆದಕಿದ್ದು ಮುದುಕಿ. "ನೀನು ಕುಡಿಯುವ ಹಾಲಿಗೆ ವರ್ಷ ವರ್ಷ ಕರು ಹುಟ್ಟಬೇಕು. ಅರ್ಧ ಗಂಡು. ಅವನ್ನೆಲ್ಲ ಉಳಿಸಿಕೊಂಡರೆ ಹುಲ್ಲು ಯಾರಿಗೂ ಸಾಲಲ್ಲ. ನಾವು ತಿನ್ನುತ್ತೀವಿ, ಅದಕ್ಕೇ ನೀನು ತಿನ್ನದೇ ಇರಬಹುದು." ವಾಹಾನ ಜನ ಪ್ರಾಣಿ ಕೊಯ್ಯುವಾಗ ಒಂದು ವಿಧಿ ಮಾಡುತ್ತಾರೆ, ಅದರ ಆತ್ಮ ಮಂದೆಗಳ ತಾಯಿ ಐರಿಥಾಳ ಬಳಿಗೆ ವಾಪಸ್ ಹೋಗಲಿ ಅಂತ. ವೈದ್ಯೆ ಆ ವಿಧಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಮುದುಕಿಯ ಮಾತಿನ ನಂತರ ಮುಖ ಮಾಡಿ ನಿಲ್ಲತೊಡಗಿದಳು. ತಿನ್ನಲಿಲ್ಲ, ಆದರೆ ಅಲ್ಲಿದ್ದಳು.

ಕಳೆದ ಸೆಷನ್‌ನಲ್ಲಿ ಸಮುದ್ರ ಋತು, ಅಂದರೆ ಅಲ್ಲಿನ ವಸಂತ, ಬಂತು. ಬೈಸನ್ ಒಂದಕ್ಕೆ ಕರು ಅಡ್ಡ ಸಿಕ್ಕಿಕೊಂಡಿತ್ತು. ವೈದ್ಯೆ ಮೊಣಕೈವರೆಗೆ ಕೈ ಹಾಕಿ ತಿರುಗಿಸಿ ಹೊರಗೆ ತಂದಳು. ದಾಳ ಚೆನ್ನಾಗಿ ಬಿತ್ತು. ಗಂಡು ಕರು. ಆಟಗಾರ್ತಿ ಕೇಳಿದಳು: "ಇದಕ್ಕೆ ಎಷ್ಟು ದಿನ ಇದೆ?"

"ಕತ್ತಲೆ ಋತು ಬರೋವರೆಗೆ" ಎಂದೆ.

ಅವಳು ಕರುವಿನ ಮೂಗು ಒರೆಸಿ, ತಾಯಿಯ ಕೆಚ್ಚಲಿಗೆ ಹಚ್ಚಿದ್ದಾಗಿ ಹೇಳಿ, ಹಾಳೆಯಲ್ಲಿ ಹಿಟ್ಟಿನ ಲೆಕ್ಕ ತಿದ್ದಿಕೊಂಡಳು.