ಏರ್ ಫ್ರೈಯರ್‌ನಲ್ಲಿ ಗರಿಗರಿ ಆಲೂಗಡ್ಡೆ: ಬೆಳಗಿನ ತಿಂಡಿಗೆ ನಾನು ಮಾಡುವ ರೀತಿ

ಮೊದಲೇ ಹೇಳಿಬಿಡುತ್ತೇನೆ, ಮುಕ್ಕಾಲು ಕೆಲಸ ಏರ್ ಫ್ರೈಯರ್ ಸ್ವಿಚ್ ಹಾಕುವ ಮುಂಚೆಯೇ ಮುಗಿದಿರಬೇಕು. ಹಸಿ ಆಲೂಗಡ್ಡೆ ಹೆಚ್ಚಿ, ಒಂದು ಹನಿ ಎಣ್ಣೆ ಸವರಿ ಒಳಗೆ ತಳ್ಳಿದರೆ ಸಿಗುವುದು ಒಣಗಿದ, ಅಗಿಯೋಕೆ ಜಗ್ಗಾಡುವ ಹೋಳು. ಅದನ್ನು ತಿಂದವರೇ ಆಮೇಲೆ ‘ಏರ್ ಫ್ರೈಯರ್ ಸುಮ್ನೆ ದುಡ್ಡು ದಂಡ’ ಅನ್ನುವುದು.

ಹೆಸರಲ್ಲಿ ಫ್ರೈ ಅಂತ ಇದ್ದರೂ ಅದು ಏನನ್ನೂ ಕರಿಯುವುದಿಲ್ಲ. ಮೇಲೆ ಕಾಯುವ ಕಾಯಿಲ್, ಅದರ ಹತ್ತಿರ ಜೋರಾಗಿ ತಿರುಗುವ ಫ್ಯಾನ್, ಅಷ್ಟೇ. ಪುಟ್ಟ ಓವನ್ ಅನ್ನಬಹುದು. ಕಾದ ಎಣ್ಣೆ ಹೋಳಿಗೆ ಮುಟ್ಟಿಸುವಷ್ಟು ಶಾಖವನ್ನು ಬಿಸಿಗಾಳಿ ಮುಟ್ಟಿಸುವುದಿಲ್ಲ. ಹೋಳಿನ ಮೇಲೆ ನೀರಿನ ಪಸೆ ಇರುವವರೆಗೂ ಆ ಶಾಖವೆಲ್ಲ ನೀರು ಆರಿಸುವುದಕ್ಕೇ ಹೋಗುತ್ತದೆ, ಬಣ್ಣ ಬರುವುದು ಆಮೇಲೆ.

ಆಲೂಗಡ್ಡೆ ಯಾವುದು ಅನ್ನುವುದೂ ಮುಖ್ಯ. ಹಾಸನದ ಮಳೆಗಾಲದ ಬೆಳೆ ಮಾರುಕಟ್ಟೆಗೆ ಬಂದಾಗ ಸಿಗುವ ಹೊಸ ಗೆಡ್ಡೆಯ ಸಿಪ್ಪೆ ತೆಳು, ನೀರಿನಂಶ ಜಾಸ್ತಿ. ಸಾರಿಗೆ, ಪಲ್ಯಕ್ಕೆ ಬಲು ರುಚಿ, ಆದರೆ ಗರಿಗರಿ ಆಗೋಕೆ ಸ್ವಲ್ಪ ಸತಾಯಿಸುತ್ತದೆ. ಬೇಯಿಸಿದರೆ ಒಡೆದು ಹಿಟ್ಟು ಹಿಟ್ಟಾಗುವ, ಸ್ವಲ್ಪ ಹಳೆಯ ಗೆಡ್ಡೆ ಇದಕ್ಕೆ ವಾಸಿ. ಹಸಿ ಆಲೂಗಡ್ಡೆಯನ್ನು ಫ್ರಿಜ್‌ನಲ್ಲಂತೂ ಇಡಬೇಡಿ. ಆ ಚಳಿಗೆ ಅದರೊಳಗಿನ ಪಿಷ್ಟ ಸ್ವಲ್ಪ ಸ್ವಲ್ಪವಾಗಿ ಸಕ್ಕರೆಯಾಗುತ್ತದೆ. ಸಕ್ಕರೆ ಜಾಸ್ತಿಯಾದರೆ ಗರಿಗರಿ ಆಗುವ ಮುಂಚೆಯೇ ಹೊರಗೆ ಕಪ್ಪಗಾಗಿ, ಕಹಿ ಬರುತ್ತದೆ. ಎಲ್ಲ ಸರಿಯಾಗಿ ಮಾಡಿಯೂ ಹೀಗಾದರೆ ನಾನು ಮೊದಲು ಅನುಮಾನ ಪಡುವುದು ಗೆಡ್ಡೆ ಎಲ್ಲಿತ್ತು ಅಂತ.

ಈಗ ಅಳತೆ. ಇಬ್ಬರು ಮೂವರಿಗೆ ಅರ್ಧ ಕೆಜಿ ಸಾಕು. ಮುಕ್ಕಾಲು ಇಂಚಿನ ಚೌಕ ಹೋಳು ಮಾಡಿಕೊಳ್ಳುತ್ತೇನೆ, ಎಲ್ಲ ಒಂದೇ ಗಾತ್ರ ಇರಲಿ. ಕುಕ್ಕರ್ ಬೇಡ, ಒಂದು ಕೂಗಿಗೇ ದೋಸೆ ಪಲ್ಯದ ಹದಕ್ಕೆ ಹೋಗಿಬಿಡುತ್ತದೆ. ಅಗಲ ಪಾತ್ರೆಯಲ್ಲಿ ಒಂದು ಲೀಟರ್ ತಣ್ಣೀರು, ಒಂದು ಚಮಚ ಕಲ್ಲುಪ್ಪು, ಕಾಲು ಟೀ ಚಮಚ ಅಡುಗೆ ಸೋಡಾ. ಹೋಳು ಹಾಕಿಯೇ ಒಲೆ ಹಚ್ಚುವುದು. ಕುದಿ ಬಂದಮೇಲೆ 5-6 ನಿಮಿಷ. ಚಾಕು ಚುಚ್ಚಿದರೆ ಸಲೀಸಾಗಿ ಇಳಿಯಬೇಕು, ಅಂಚು ಸ್ವಲ್ಪ ಮಸುಕಾಗಿರಬೇಕು, ಆದರೆ ಹೋಳು ಮುರಿಯಬಾರದು.

ಸೋಡಾ ಯಾಕೆ ಅಂದರೆ, ಹುಳಿ ಮಾಡುವಾಗ ಹುಣಸೆರಸ ಮೊದಲೇ ಹಾಕಿದರೆ ತರಕಾರಿ ಬೇಗ ಬೇಯುವುದಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಲ್ವಾ, ಅದೇ ಲೆಕ್ಕ ಇಲ್ಲಿ ತಿರುಗುಮುರುಗು. ತರಕಾರಿಯನ್ನು ಹಿಡಿದಿಟ್ಟಿರುವುದು ಪೆಕ್ಟಿನ್ ಅನ್ನುವ ಅಂಟು. ಹುಳಿ ಅದನ್ನು ಗಟ್ಟಿಯಾಗಿ ಉಳಿಸುತ್ತದೆ, ಸೋಡಾ ಸಡಿಲ ಮಾಡುತ್ತದೆ. ಹಾಗಾಗಿ ಒಳಗೆ ಹೋಳು ಹೋಳಾಗಿಯೇ ಇದ್ದು ಹೊರಪದರ ಮಾತ್ರ ಮೆತ್ತಗೆ ಪುಡಿಯಾಗೋಕೆ ಶುರುವಾಗುತ್ತದೆ. ನಮಗೆ ಬೇಕಾಗಿರುವುದು ಅದೇ. ಸೋಡಾ ಮಾತ್ರ ಅಳತೆ ಮೀರಬಾರದು, ಬಾಯಿಗೆ ಸೋಪಿನ ರುಚಿ ಬರುತ್ತದೆ.

ತೂತಿನ ಪಾತ್ರೆಗೆ ಬಸಿದು ಐದು ನಿಮಿಷ ಹಾಗೇ ಬಿಡಿ. ಹಬೆ ಏಳುತ್ತಾ ಹೋಗಿ ಮೇಲ್ಮೈ ಬೆಳ್ಳಗೆ ಒಣಗಿದಂತೆ ಕಾಣುತ್ತದೆ. ತಟ್ಟೆ ಮುಚ್ಚಿದಿರೋ, ಅಷ್ಟೂ ನೀರು ವಾಪಸ್ಸು ಅದಕ್ಕೇ ಇಳಿಯಿತು. ಆಮೇಲೆ ದೊಡ್ಡ ಪಾತ್ರೆಗೆ ಹಾಕಿ, ಒಂದೂವರೆ ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಹಾಕಿ ಪಾತ್ರೆಯನ್ನೇ ಜೋರಾಗಿ ಕುಲುಕುತ್ತೇನೆ. ಅಂಚುಗಳು ಉಜ್ಜಿಹೋಗಿ, ಎಣ್ಣೆ ಜೊತೆ ಸೇರಿ, ಪ್ರತಿ ಹೋಳಿನ ಮೇಲೂ ಬಜ್ಜಿ ಹಿಟ್ಟಿನಂಥ ತೆಳು ಪದರ ಕೂರುತ್ತದೆ. ಗರಿಗರಿ ಆಗುವುದು ಆ ಪದರವೇ. ‘ಎಣ್ಣೆಯೇ ಇಲ್ಲದೆ’ ಅಂತ ಜಾಹೀರಾತಿನಲ್ಲಿ ಹೇಳುವುದನ್ನು ಇಲ್ಲಿ ನಂಬಬೇಡಿ. ಬಾಣಲೆ ತುಂಬಾ ಎಣ್ಣೆಯ ಬದಲು ಒಂದೂವರೆ ಚಮಚ, ಅದೇ ದೊಡ್ಡ ಲಾಭ. ಹೊಸ ಗೆಡ್ಡೆಯಾದರೆ ಒಂದು ಚಮಚ ಅಕ್ಕಿಹಿಟ್ಟೂ ಉದುರಿಸುತ್ತೇನೆ. ಚಿರೋಟಿ ರವೆ ಹಾಕುವವರಿದ್ದಾರೆ, ನನಗೆ ಅದು ಹಲ್ಲಿಗೆ ಮರಳು ಸಿಕ್ಕಿದ ಹಾಗಾಗುತ್ತದೆ.

ಬುಟ್ಟಿಯನ್ನು 200 ಡಿಗ್ರಿಯಲ್ಲಿ ಮೂರು ನಿಮಿಷ ಕಾಯಿಸಿ, ಹೋಳನ್ನು ಒಂದೇ ಪದರ ಹರಡಿ. ನಾಲ್ಕು ಲೀಟರಿನ ಬುಟ್ಟಿಗೆ ಹೆಚ್ಚೆಂದರೆ ಅರ್ಧ ಕೆಜಿ, ಅದಕ್ಕಿಂತ ಜಾಸ್ತಿ ಬೇಡ. ಗಾಳಿ ಆಡಲು ಜಾಗ ಇಲ್ಲದಿದ್ದರೆ ಅದು ಇಡ್ಲಿ ಪಾತ್ರೆಯ ಕೆಲಸ ಮಾಡುತ್ತದೆ. 18ರಿಂದ 20 ನಿಮಿಷ, ನಡುವೆ ಎರಡು ಸಲ ಕುಲುಕಿ. ಮೊದಲ ಎಂಟು ನಿಮಿಷ ಮಾತ್ರ ಮುಟ್ಟಬೇಡಿ, ಪದರ ಗಟ್ಟಿಯಾಗುವ ಮುಂಚೆ ಅಲ್ಲಾಡಿಸಿದರೆ ಅದು ಕಿತ್ತು ಬುಟ್ಟಿಗೇ ಅಂಟುತ್ತದೆ. ಹೊಂಬಣ್ಣ ಬಂದಾಗ ನಿಲ್ಲಿಸಿ.

ಖಾರದಪುಡಿ, ಬೆಳ್ಳುಳ್ಳಿ, ಹುಳಿಪುಡಿ, ಇವನ್ನೆಲ್ಲ ಮೊದಲೇ ಕಲಸುವ ಆಸೆ ಆಗುತ್ತದೆ. 200 ಡಿಗ್ರಿಗೆ ಅವು ಆಲೂಗಡ್ಡೆಗಿಂತ ಮೊದಲೇ ಸೀಯುತ್ತವೆ. ನಾನು ಹೊರಗೆ ತೆಗೆದಮೇಲೆ, ಹೋಳು ಸುಡುಸುಡು ಇರುವಾಗಲೇ ಅರ್ಧ ಚಮಚ ಹುಳಿಪುಡಿ ಉದುರಿಸಿ ಕುಲುಕುತ್ತೇನೆ. ಉಪ್ಪು ಬೇಯಿಸಿದ ನೀರಿನಲ್ಲೇ ಹಿಡಿದಿರುತ್ತದೆ. ಕರಿಬೇವಂತೂ ಒಳಗೆ ಹಾಕಲೇಬೇಡಿ, ಎಲೆ ಹಗುರ, ಫ್ಯಾನಿನ ಗಾಳಿಗೆ ಹಾರಿ ಕಾಯಿಲ್‌ಗೆ ಅಂಟಿ ಮನೆಯೆಲ್ಲ ಸೀದ ವಾಸನೆ. ಸಾಸಿವೆ, ಉದ್ದಿನಬೇಳೆ, ಕರಿಬೇವು, ಚಿಟಿಕೆ ಇಂಗಿನ ಒಗ್ಗರಣೆ ಬೇರೆ ಸೌಟಿನಲ್ಲಿ ಮಾಡಿ ಮೇಲೆ ಸುರಿದರೆ ಮುಗಿಯಿತು. ಅಮೆರಿಕದ ಹೋಟೆಲುಗಳಲ್ಲಿ ಬೆಳಿಗ್ಗೆ ಮೊಟ್ಟೆ ಜೊತೆ ಕೊಡುವ ಹೋಮ್ ಫ್ರೈಸ್‌ಗೆ ಈರುಳ್ಳಿ, ದಪ್ಪಮೆಣಸಿನಕಾಯಿ ಸೇರಿಸುತ್ತಾರೆ. ಎರಡೂ ನೀರು ಬಿಡುತ್ತವೆ, ಬೇಕಾದರೆ ಬಾಣಲೆಯಲ್ಲಿ ಬೇರೆ ಬಾಡಿಸಿ ಕೊನೆಗೆ ಬೆರೆಸಿ. ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ ಪಕ್ಕಕ್ಕೆ ಇದೇ ಬೇಕು. ನಮ್ಮತ್ತೆ ಮಾತ್ರ ಮೊಸರನ್ನಕ್ಕೆ ನೆಂಚಿಕೊಳ್ಳಲು ಅಂತ ಒಂದು ಬಟ್ಟಲು ಎತ್ತಿಡುತ್ತಾರೆ. ‘ಇದು ಮೆತ್ತಗಾದರೂ ಚೆನ್ನಾಗೇ ಇರುತ್ತೆ ಕಣಮ್ಮ’ ಅನ್ನುತ್ತಾರೆ.

ಬೆಳಿಗ್ಗೆ ಇಷ್ಟೆಲ್ಲ ಯಾರು ಮಾಡುತ್ತಾರೆ ಅಂದರೆ, ರಾತ್ರಿಯೇ ಬೇಯಿಸಿ ಬಸಿದು, ಆರಿದಮೇಲೆ ಮುಚ್ಚದೆ ಫ್ರಿಜ್‌ನಲ್ಲಿಡಿ. ಬೆಂದ ಹೋಳಿಗೆ ಸಕ್ಕರೆಯ ತಂಟೆ ಇಲ್ಲ, ಮೇಲ್ಮೈ ಇನ್ನೂ ಚೆನ್ನಾಗಿ ಒಣಗಿರುತ್ತದೆ. ಬೆಳಿಗ್ಗೆ ಎಣ್ಣೆ ಹಾಕಿ ಕುಲುಕಿ ಒಳಗಿಟ್ಟು ಸ್ನಾನಕ್ಕೆ ಹೋದರಾಯಿತು. 1500 ವ್ಯಾಟಿನದಾದರೆ 16 ಆಂಪ್ಸ್ ಪವರ್ ಪ್ಲಗ್‌ಗೇ ಹಾಕಿ, ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ಕರೆಂಟು 25 ನಿಮಿಷಕ್ಕೆ ಹೆಚ್ಚೆಂದರೆ ಮುಕ್ಕಾಲು ಯೂನಿಟ್ ಒಳಗೇ.

ಡಬ್ಬಿಗೆ ಕಟ್ಟಿದರೆ ಹಬೆಗೆ ಮೆತ್ತಗಾಗುತ್ತದೆ, ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ. ಮನೆಯಲ್ಲೇ ಮಿಕ್ಕಿದ್ದರೆ 180 ಡಿಗ್ರಿಯಲ್ಲಿ ನಾಲ್ಕು ನಿಮಿಷ ಇಟ್ಟರೆ ಮತ್ತೆ ಗರಿಯಾಗುತ್ತದೆ. ಇನ್ನು ಏಳೆಂಟು ಜನ ನೆಂಟರು ಬಂದ ದಿನ ನಾನು ಈ ಯಂತ್ರವನ್ನು ಕಪಾಟಿನಿಂದ ಇಳಿಸುವುದೇ ಇಲ್ಲ. ಕಬ್ಬಿಣದ ಕಾವಲಿ, ಜೋರು ಉರಿ, ಎಣ್ಣೆ ಸ್ವಲ್ಪ ಧಾರಾಳ, ಒಂದೇ ಸರದಿಗೆ ಎಲ್ಲರ ತಟ್ಟೆಗೂ ಆಗುತ್ತದೆ.