ಡಿಗ್ರಿ ಆಯ್ತು, ಈಗ ಸಿನಿಮಾ–ಫೋಟೊಗ್ರಫಿ ಓದುವುದು ಹೇಗೆ?

ನಿರ್ದೇಶಕ ಗಿರೀಶ ಕಾಸರವಳ್ಳಿ ಪುಣೆಯ ಸಿನಿಮಾ ಸಂಸ್ಥೆ ಎಫ್‌ಟಿಐಐ ಸೇರುವ ಮೊದಲು ಓದಿದ್ದು ಬಿ.ಫಾರ್ಮ. ಆದ್ದರಿಂದ ನಿಮ್ಮ ಬಿ.ಕಾಂ, ಬಿ.ಇ. ಬಗ್ಗೆ ಅಳುಕು ಬೇಡ. ಹೆಚ್ಚಿನ ಕೋರ್ಸ್‌ಗಳಿಗೆ ಯಾವುದೇ ಪದವಿ ಸಾಕು. ಸೌಂಡ್ ವಿಭಾಗಕ್ಕೆ ಮಾತ್ರ ಪಿಯುಸಿಯಲ್ಲಿ ಫಿಸಿಕ್ಸ್ ಕೇಳುವುದುಂಟು.

ಮೊದಲು ವಿಭಾಗ ಗಟ್ಟಿ ಮಾಡಿಕೊಳ್ಳಿ. ‘ಸಿನಿಮಾ ಇಷ್ಟ’ ಅಂದರೆ ಯಾರೂ ಸೀಟು ಕೊಡುವುದಿಲ್ಲ. ನಿರ್ದೇಶನವೋ, ಕ್ಯಾಮೆರಾವೋ, ಎಡಿಟಿಂಗೋ, ಸೌಂಡೋ? ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರಾಯ್ ಸಂಸ್ಥೆ ಎರಡರಲ್ಲೂ ಇವು ಮೂರು ವರ್ಷದ ಬೇರೆ ಬೇರೆ ಕೋರ್ಸುಗಳು. ಸ್ಟಿಲ್ ಫೋಟೊಗ್ರಫಿಯೇ ಬೇಕಿದ್ದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಫೋಟೊಗ್ರಫಿ ಡಿಸೈನ್ ಇದೆ. ಬೆಂಗಳೂರಿನ ತುಮಕೂರು ರಸ್ತೆ ಕಡೆಯ ಎನ್‌ಐಡಿ ಕ್ಯಾಂಪಸ್ ನೋಡಿ ಖುಷಿಪಡಬೇಡಿ. ಈ ಕೋರ್ಸ್ ಇರುವುದು ಗಾಂಧಿನಗರದಲ್ಲಿ. ನಮ್ಮ ಮೆಜೆಸ್ಟಿಕ್ ಪಕ್ಕದ್ದಲ್ಲ, ಗುಜರಾತಿನದು!

ಹೆಸರಘಟ್ಟದ ಸರ್ಕಾರಿ ಸಿನಿಮಾ ಸಂಸ್ಥೆಯದು ಡಿಪ್ಲೊಮಾ, ಪಿ.ಜಿ. ಅಲ್ಲ. ಹಾಗಂತ ಮೂಗು ಮುರಿಯಬೇಡಿ. ಅದರ ಬೇರು ಇರುವುದು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ (ಎಸ್‌ಜೆಪಿ). ಹೆಸರಾಂತ ಛಾಯಾಗ್ರಾಹಕರಾದ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಕ್ಯಾಮೆರಾ ಕಲಿತದ್ದು ಅಲ್ಲೇ.

ಮುಂದಿನ ಕೆಲಸ ಪೋರ್ಟ್‌ಫೋಲಿಯೊ, ಅಂದರೆ ನಿಮ್ಮ ಕೆಲಸದ ಆಯ್ದ ಮಾದರಿಗಳ ಸಂಗ್ರಹ. ಸಮಯ ಜಾಸ್ತಿ ಹಿಡಿಯುವುದು ಇದೇ. ಹೊಸ ಕ್ಯಾಮೆರಾಗೆ ಸಾಲ ಮಾಡಬೇಡಿ, ಇರುವುದರಲ್ಲೇ ಶುರು ಮಾಡಿ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋದವರೆಲ್ಲ ಮೇಲಿನಿಂದ ಚೆಂಡುಹೂವಿನ ರಾಶಿ ತೆಗೆಯುತ್ತಾರೆ. ಆ ಫೋಟೊ ನೋಡಿ ನೋಡಿ ಆಯ್ಕೆ ಮಾಡುವವರಿಗೆ ಸಾಕಾಗಿರುತ್ತದೆ, ಅಲ್ವಾ? ನೀವು ಕೆಳಗೇ ಇಳಿದು ಒಬ್ಬ ವ್ಯಾಪಾರಿಯನ್ನು ಕೇಳಿ, ಒಪ್ಪಿದರೆ ಪಕ್ಕದಲ್ಲೇ ನಿಲ್ಲಿ. ಕ್ಯಾಮೆರಾವನ್ನು ಕಂಬಕ್ಕೆ ಒತ್ತಿ ಹಿಡಿದು ಶಟರ್ 1/15 ಸೆಕೆಂಡಿಗೆ ಇಡಿ. ಹೂವು ತೂಗುವ ಕೈ ಕದಡುತ್ತದೆ, ಅಲುಗದ ಹೂವಿನ ರಾಶಿ ಸ್ಥಿರವಾಗಿ ನಿಲ್ಲುತ್ತದೆ. ಅದೇ ವ್ಯಾಪಾರಿಯ ಬಳಿ ಮತ್ತೆ ಮತ್ತೆ ಹೋಗಿ.

ಆಮೇಲೆ ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಎರಡು ಚಿತ್ರ ಒಂದೇ ಮಾತು ಹೇಳಿದರೆ ಒಂದನ್ನು ತೆಗೆದುಬಿಡಿ, ಅದು ಎಷ್ಟೇ ಚೆಂದವಿದ್ದರೂ. ಉಳಿದವುಗಳ ಕ್ರಮ ಬದಲಿಸಿ ನೋಡಿ. ಯಾವುದರ ಪಕ್ಕ ಯಾವುದು ಕೂರಬೇಕೆಂಬ ಈ ಲೆಕ್ಕಾಚಾರವೇ ಮುಂದೆ ಎಡಿಟಿಂಗ್‌ನಲ್ಲೂ ಕೈ ಹಿಡಿಯುತ್ತದೆ.

ನೋಡುವ ಅಭ್ಯಾಸವೂ ಬೇಕು. ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ಇದೆ. ಕಸ್ತೂರ್ಬಾ ರಸ್ತೆಯ ಮ್ಯಾಪ್ ಸಂಗ್ರಹಾಲಯದಲ್ಲಿ ಹಳೆಯ ಫೋಟೊಗಳೂ ಸಿಗುತ್ತವೆ. ಸುಮ್ನೆ ನೋಡಿ ಬರಬೇಡಿ. ಒಂದು ದೃಶ್ಯ ಆರಿಸಿಕೊಂಡು ಬೆಳಕು ಎಲ್ಲಿಂದ ಬಂತು, ಕಟ್ ಯಾಕೆ ಅಲ್ಲೇ ಬಿತ್ತು ಎಂದು ಬರೆದಿಡಿ. ಸಂದರ್ಶನದಲ್ಲಿ ಮಾತು ಹೊರಳುವುದು ಇಂಥದ್ದರ ಕಡೆಗೇ.

ಅರ್ಜಿ ತುಂಬುವಾಗ ಎರಡು ವಿಷಯ ನೋಡಿ. ಸಿಗುವ ಪ್ರಮಾಣಪತ್ರ ಎಂ.ಎ.ಯೋ, ಪಿ.ಜಿ. ಡಿಪ್ಲೊಮಾವೋ? ಮುಂದೆ ಮೇಷ್ಟರಾಗುವ ಆಸೆಯಿದ್ದರೆ ಡಿಪ್ಲೊಮಾಗೆ ಸ್ನಾತಕೋತ್ತರ ಪದವಿಯ ಮಾನ್ಯತೆ ಇದೆಯೇ ಎಂದು ಕೇಳಿಕೊಳ್ಳಿ. ಇನ್ನೊಂದು ಖರ್ಚು. ಖಾಸಗಿ ಕಾಲೇಜುಗಳಲ್ಲಿ ಫೀಸಿನ ಜೊತೆಗೆ ಕೋರ್ಸಿನ ಕೊನೆಗೆ ಮಾಡುವ ಡಿಪ್ಲೊಮಾ ಚಿತ್ರದ ವೆಚ್ಚ ಯಾರದು ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.