ವಾಸಿಯಾಗದ ಕ್ಯಾನ್ಸರ್ ಜೊತೆ ಸಂಸಾರ: ನೋವು, ದುಡ್ಡು, ಕಾಗದಪತ್ರ

ಇನ್ನು ವಾಸಿಯಾಗುವುದಿಲ್ಲ ಎಂದು ಗೊತ್ತಾದ ಮೇಲೆ ಮಾಡಬೇಕಾದ ಮೊದಲ ಕೆಲಸ ನೋವನ್ನು ಹತೋಟಿಗೆ ತರುವುದು. ದುಡ್ಡಿನ ಮಾತು ಆಮೇಲೆ, ಆಸ್ತಿಯ ಮಾತು ಅದಕ್ಕೂ ಆಮೇಲೆ. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಮೊದಲು ಸರ ಅಡವಿಡುತ್ತಾರೆ, ನಂತರ ದೊಡ್ಡ ಆಸ್ಪತ್ರೆ ಹುಡುಕುತ್ತಾರೆ, ನೋವನ್ನು ಮಾತ್ರ 'ಈ ಕಾಯಿಲೆಗೆ ಅದು ಇದ್ದದ್ದೇ' ಎಂದು ರೋಗಿಯ ಪಾಲಿಗೆ ಬಿಡುತ್ತಾರೆ. ನೋವಿನಲ್ಲಿ ಒದ್ದಾಡುವವಳು ಕೀಮೋ ಬೇಕೋ ಬೇಡವೋ ಎಂದು ಯೋಚಿಸಲಾರಳು, ವಿಲ್ ಬರೆಸಲಾರಳು, ಸಹಿ ಹಾಕುವ ಕಾಗದವನ್ನು ಓದಲಾರಳು. ಎಲ್ಲವನ್ನೂ ಅವಳ ಪರವಾಗಿ ಬೇರೆಯವರೇ ತೀರ್ಮಾನಿಸುತ್ತಾರೆ.

ನಾನು ತಿಪಟೂರಿನಲ್ಲಿ ಹೊಲಿಗೆ ಅಂಗಡಿ ನಡೆಸಿದವಳು. ಸ್ತನದ ಕ್ಯಾನ್ಸರ್ ಬೆನ್ನುಮೂಳೆ, ಸೊಂಟಕ್ಕೆ ಹರಡಿ ಈಗ ಯಕೃತ್ತಿಗೂ ತಲುಪಿದೆ. ಇಲ್ಲಿ ಬರೆದಿರುವುದು ನನ್ನಂಥ ಮನೆಯವರಿಗೆ, ಅಂದರೆ ಬಿಪಿಎಲ್ ಕಾರ್ಡು, ಒಂದು ನಿವೇಶನ, ಸ್ವಲ್ಪ ಚಿನ್ನ, ಓದುವ ಮಗಳು ಇರುವ ಸಂಸಾರಕ್ಕೆ. ಔಷಧಿಯ ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು. ಕೇಳಬೇಕಾದ ಪ್ರಶ್ನೆಗಳನ್ನು ನಾನು ಹೇಳುತ್ತೇನೆ.

ನೋವು

ಆಸ್ಪತ್ರೆಯಲ್ಲಿ 'ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆ' ವಿಭಾಗ ಎಲ್ಲಿದೆ ಎಂದು ಮೊದಲ ದಿನವೇ ಕೇಳಿ. ಇದನ್ನೇ ಇಂಗ್ಲಿಷಿನಲ್ಲಿ ಪ್ಯಾಲಿಯೇಟಿವ್ ಎನ್ನುವುದು. ಹಾಗೆಂದರೆ ಸಾಯಲು ಬಿಡುವ ವಾರ್ಡ್ ಎಂದು ಜನ ಹೆದರುತ್ತಾರೆ. ಕೀಮೋ ನಡೆಯುತ್ತಿರುವಾಗಲೂ ಅಲ್ಲಿಗೆ ಹೋಗಬಹುದು, ಹೋಗಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈ ವಿಭಾಗವಿದೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಇದೆಯೇ ಎಂದು ವಿಚಾರಿಸಿ.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ದುಬಾರಿಯಲ್ಲ, ಆದರೆ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯ ಭಯದಿಂದ ಎಷ್ಟೋ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಸುಲಭವಾಗಿ ಇಟ್ಟುಕೊಳ್ಳಬಹುದು. ಆದ್ದರಿಂದ ಮುಂದಿನ ಭೇಟಿಯವರೆಗೆ ಸಾಕಾಗುವಷ್ಟು ಮಾತ್ರೆ ಕೊಟ್ಟಿದ್ದಾರೆಯೇ ಎಂದು ಕೌಂಟರಿನಲ್ಲೇ ಎಣಿಸಿಕೊಂಡು ಹೊರಡಿ. ತಿಪಟೂರಿಗೆ ಬಂದ ಮೇಲೆ ಮುಗಿದುಹೋದರೆ ಮತ್ತೆ ಬೆಂಗಳೂರೇ ಗತಿ.

ಸಾಮಾನ್ಯ ಮಾರ್ಫಿನ್ ಮಾತ್ರೆ ಕೆಲಸ ಮಾಡುವುದು ಸುಮಾರು ನಾಲ್ಕು ಗಂಟೆ. ನನಗೆ ಬರೆದುಕೊಟ್ಟಿರುವುದು ಬೆಳಗಿನ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿಯದು ಎರಡು ಪಟ್ಟು, ನಡುರಾತ್ರಿ ಎಚ್ಚರವಾಗದಿರಲಿ ಎಂದು. ನೋವು ಬಂದ ಮೇಲೆ ನುಂಗುವ ಮಾತ್ರೆಯಲ್ಲ ಇದು, ನೋವು ಬರುವ ಮೊದಲೇ ಗಡಿಯಾರ ನೋಡಿ ನುಂಗುವುದು. ನಡುವೆ ನೋವು ಬಂದರೆ ತೆಗೆದುಕೊಳ್ಳಲು ಹೆಚ್ಚುವರಿ ಮಾತ್ರೆ ಎಷ್ಟು ಎಂದು ಬರೆಸಿಕೊಳ್ಳಿ. ಆ ಹೆಚ್ಚುವರಿ ಮಾತ್ರೆಯನ್ನು ಸ್ನಾನಕ್ಕೆ ಅಥವಾ ಪ್ರಯಾಣಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಬಹುದೇ ಎಂದು ಕೇಳಿ. ನನ್ನ ಸ್ನಾನ ಮತ್ತೆ ಸ್ನಾನವಾದದ್ದು ಇದರಿಂದ. ನಿಧಾನವಾಗಿ ಕರಗುವ ಮಾತ್ರೆಯನ್ನು ಕೊಟ್ಟಿದ್ದರೆ ಅದನ್ನು ಪುಡಿ ಮಾಡಕೂಡದು.

ಮೊದಲ ಕೆಲವು ದಿನ ತೂಕಡಿಕೆ, ವಾಕರಿಕೆ ಇರುತ್ತದೆ, ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ಕಡಿಮೆಯಾಗುವುದಿಲ್ಲ. ಮಾರ್ಫಿನ್ ಜೊತೆಗೇ ಮಲ ಸಡಿಲ ಮಾಡುವ ಮಾತ್ರೆ ಬರೆಯದಿದ್ದರೆ ಅಲ್ಲಿಯೇ ನಿಂತು ಕೇಳಿ. ಬಾಳೆಹಣ್ಣು, ಬಿಸಿನೀರನ್ನು ನಂಬಿ ಮನೆಗೆ ಬರಬೇಡಿ. 'ಚಟ ಹತ್ತುತ್ತದೆ' ಎಂದು ನಮ್ಮ ಯಜಮಾನರು ಮಾತ್ರೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಬೀಗ ಇರಲಿ, ಮನೆಯಲ್ಲಿ ಮಕ್ಕಳಿದ್ದರೆ ಇರಲೇಬೇಕು. ಬೀಗದ ಕೈ ನನ್ನ ದಿಂಬಿನ ಕೆಳಗಿದೆ.

ಮೂಳೆಗೆ ಹರಡಿದವರಿಗೆ ಇನ್ನೆರಡು ಪ್ರಶ್ನೆ. ನೋವಿಗಾಗಿ ರೇಡಿಯೇಷನ್ ಕೊಡುವುದಾದರೆ ಒಂದೇ ಸಲಕ್ಕೆ ಕೊಡಬಹುದೇ? ಎಷ್ಟೋ ಮಂದಿಗೆ ಒಂದು ಸಲದ್ದೂ ಹತ್ತು ಸಲದ್ದೂ ನೋವಿನ ಮಟ್ಟಿಗೆ ಒಂದೇ ಫಲ ಕೊಡುತ್ತದೆ, ಕೆಲವರಿಗೆ ಮುಂದೆ ಮತ್ತೊಮ್ಮೆ ಬೇಕಾಗಬಹುದು. ಬೆಂಗಳೂರಿನಲ್ಲಿ ಎರಡು ವಾರ ರೂಮು ಮಾಡಿಕೊಂಡು ಇರುವುದು ತಪ್ಪುತ್ತದೆ. ಎರಡನೆಯದು, ಮೂಳೆ ಗಟ್ಟಿಯಾಗಲು ಕೊಡುವ ಜೊಲೆಡ್ರೋನಿಕ್ ಆಸಿಡ್ ಡ್ರಿಪ್ ತಿಂಗಳಿಗೊಮ್ಮೆಯೇ ಬೇಕೋ, ಮೂರು ತಿಂಗಳಿಗೊಮ್ಮೆ ಸಾಕೋ? ಅದನ್ನು ಶುರು ಮಾಡುವ ಮೊದಲು ಹಲ್ಲು ತೋರಿಸಿಕೊಳ್ಳಿ. ಡ್ರಿಪ್ ನಡೆಯುವಾಗ ಹಲ್ಲು ಕೀಳಿಸಿದರೆ ದವಡೆ ಮೂಳೆಗೆ ಅಪಾಯ.

ಒಂದು ವಿಷಯಕ್ಕೆ ಮಾತ್ರ ಬೆಳಗಾಗುವವರೆಗೆ ಕಾಯಬಾರದು. ಬೆನ್ನುಮೂಳೆಗೆ ಹರಡಿದವರಿಗೆ ಇದ್ದಕ್ಕಿದ್ದಂತೆ ಕಾಲು ಸೋತರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಅದೇ ದಿನ ಆಸ್ಪತ್ರೆಗೆ ಹೋದರೆ ಕಾಲು ಉಳಿಯುವ ಅವಕಾಶವಿದೆ. ಎರಡು ದಿನ ಎಣ್ಣೆ ತಿಕ್ಕಿಕೊಂಡು ಕೂತರೆ ಉಳಿದ ಆಯುಸ್ಸು ಪೂರ್ತಿ ಹಾಸಿಗೆ. ಇದನ್ನು ದೊಡ್ಡಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ.

ಬಟ್ಟೆ, ಹಾಸಿಗೆ, ಊಟ

ಬಟ್ಟೆಯ ವಿಷಯ ಯಾವ ಆಸ್ಪತ್ರೆಯವರೂ ಹೇಳಲಿಲ್ಲ, ನನ್ನ ಕಸುಬು ಅದೇ ಆದ್ದರಿಂದ ಹೇಳುತ್ತೇನೆ. ತಲೆಯ ಮೇಲಿಂದ ಹಾಕುವ ನೈಟಿ ಬೆನ್ನುನೋವಿನವರಿಗೆ ಶತ್ರು. ಹಳೆಯ ಕಾಟನ್ ನೈಟಿಯನ್ನು ಮುಂದೆ ಕುತ್ತಿಗೆಯಿಂದ ಅಂಚಿನವರೆಗೆ ಸೀಳಿ, ಎರಡೂ ಕಡೆ ಪಟ್ಟಿ ಕೊಟ್ಟು ಟಿಚ್ ಬಟನ್ ಹಾಕಿಸಿ. ಹಾಸಿಗೆ ಹಿಡಿದವರಿಗಾದರೆ ಸೀಳು ಬೆನ್ನಿನ ಕಡೆ ಇರಲಿ, ಬಟನ್ ಬೇಡ, ಹೆಗಲ ಬಳಿ ಒಂದು ಲಾಡಿ ಸಾಕು. ಬಟನ್ ಮೇಲೆ ಮಲಗಿದರೆ ಅಲ್ಲೇ ಹುಣ್ಣಾಗುತ್ತದೆ. ಶಸ್ತ್ರಚಿಕಿತ್ಸೆಯಾದ ಕಡೆಯ ತೋಳು ಊದಿಕೊಂಡಿದ್ದರೆ ಬ್ಲೌಸಿನ ಆ ತೋಳನ್ನು ಬಿಚ್ಚಿ ಕಂಕುಳಲ್ಲಿ ಚೌಕದ ತುಂಡು ಸೇರಿಸಿ ಹೊಲಿಸಿ. ಆ ಕೈಗೆ ಬಳೆ, ಉಂಗುರ, ಬಿ.ಪಿ. ಪಟ್ಟಿ, ಸೂಜಿ ಯಾವುದೂ ಬೇಡ. ಒಳಗಿನ ಹೊಲಿಗೆ ಚುಚ್ಚುವಷ್ಟು ಚರ್ಮ ತೆಳುವಾದಾಗ ಬಟ್ಟೆಯನ್ನು ಒಳಹೊರಗು ಮಾಡಿ ಹಾಕಿಕೊಳ್ಳಿ. ನೋಡಲು ಬಂದವರು ನಗಲಿ.

ಸಾಮಾನ್ಯ ಪಾಯಿಖಾನೆಯ ಮೇಲೆ ಇಡುವ ಕಮೋಡ್ ಕುರ್ಚಿ ಕೊಳ್ಳಿ, ಗಾಲಿಕುರ್ಚಿ ಮತ್ತು ಗಾಳಿ ಹಾಸಿಗೆಯನ್ನು ಬಾಡಿಗೆಗೆ ತನ್ನಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಗಾಳಿ ಹಾಸಿಗೆ ಇದ್ದರೂ. ಎದೆಯ ಗಡ್ಡೆ ಒಡೆದು ವಾಸನೆ ಬರುತ್ತಿದ್ದರೆ ಮುಚ್ಚಿಡಬೇಡಿ. ಮೆಟ್ರೊನಿಡಜೋಲ್ ಮಾತ್ರೆಯ ಪುಡಿಯನ್ನು ಗಾಯಕ್ಕೆ ಹಾಕಲು ಉಪಶಾಮಕ ವಿಭಾಗದ ನರ್ಸ್ ಕಲಿಸುತ್ತಾರೆ. ಅಗ್ಗದ ಮಾತ್ರೆ, ವಾಸನೆ ನಿಂತರೆ ಮೊಮ್ಮಕ್ಕಳು ಹತ್ತಿರ ಬರುತ್ತಾರೆ.

ಊಟದ ಬಗ್ಗೆ ಮನೆಯವರಿಗೆ ಹೇಳುವುದು ಇಷ್ಟೇ: ರೋಗ ಈ ಹಂತಕ್ಕೆ ಬಂದಾಗ ಹಸಿವು ಸಾಯುತ್ತದೆ, ತುರುಕಿದರೆ ಬಲ ಬರುವುದಿಲ್ಲ. ನನಗೆ ರಾಗಿ ಅಂಬಲಿ, ಮಜ್ಜಿಗೆ, ಹೆಸರುಬೇಳೆ ಪಾಯಸ ಸೇರುತ್ತದೆ. ಒಂದು ಲೋಟ ಒಂದೇ ಸಲಕ್ಕೆ ಬೇಡ, ಹೊತ್ತುಹೊತ್ತಿಗೆ ನಾಲ್ಕು ಗುಟುಕು. ಲಕ್ಷ್ಮಣಫಲದ ಎಲೆಯ ಕಷಾಯದ ಸಂದೇಶ ನನ್ನ ಮೊಬೈಲಿಗೆ ಎಲ್ಲ ದಿಕ್ಕಿನಿಂದಲೂ ಬಂದಿದೆ. ಅದರಿಂದ ಕ್ಯಾನ್ಸರ್ ಹೋಗುತ್ತದೆ ಎನ್ನಲು ಆಧಾರವಿಲ್ಲ. ಯಾವ ನಾಟಿ ಔಷಧಿ ಕುಡಿದರೂ ವೈದ್ಯರಿಗೆ ತಿಳಿಸಿ, ಯಕೃತ್ತು ಮೊದಲೇ ಸೋತಿರಬಹುದು.

ದುಡ್ಡು

ಹೊಸ ಔಷಧಿ ಬರೆದಾಗಲೆಲ್ಲ ಮೂರು ಪ್ರಶ್ನೆ ಕೇಳಿ. ಇದು ನೋವು ಇಳಿಸಲಿಕ್ಕೋ, ದಿನ ಹೆಚ್ಚಿಸಲಿಕ್ಕೋ? ದಿನ ಹೆಚ್ಚಿಸುವುದಾದರೆ ಸಾಮಾನ್ಯವಾಗಿ ವಾರಗಳೋ, ತಿಂಗಳುಗಳೋ, ವರ್ಷಗಳೋ? ತೆಗೆದುಕೊಳ್ಳದಿದ್ದರೆ ಏನಾಗುತ್ತದೆ? 'ಅದೆಲ್ಲ ದೇವರ ಕೈಯಲ್ಲಿದೆ' ಎಂಬ ಉತ್ತರ ಬಂದರೆ ಇನ್ನೊಮ್ಮೆ ಕೇಳಿ. ಬಟ್ಟೆ ಅಳೆಯದೆ ಕತ್ತರಿ ಹಾಕುವವಳಲ್ಲ ನಾನು. ನಿವೇಶನ ಮಾರಿ ಕೊಳ್ಳುವ ಔಷಧಿಗೂ ಅಳತೆ ಇರಬೇಕು. ಹಾರ್ಮೋನ್ ಮಾತ್ರೆಗಳು ನನಗೆ ಒಳ್ಳೆಯ ವರ್ಷಗಳನ್ನೇ ಕೊಟ್ಟವು, ಅದಕ್ಕೆ ಖರ್ಚು ಮಾಡಿದ್ದರ ಬಗ್ಗೆ ಚಿಂತೆಯಿಲ್ಲ. ಈಗ ಸೂಚಿಸಿದ ಕೀಮೋದಿಂದ ಸಿಗುವುದು ಬಹುಶಃ ಕೆಲವು ವಾರ, ಅದೂ ವಾಂತಿಯ ಜೊತೆ ಎಂದು ವೈದ್ಯರು ನೇರವಾಗಿ ಹೇಳಿದರು. ಬೇಡ ಎಂದೆ. ನನ್ನ ತಮ್ಮ ಇನ್ನೂ ಮುನಿಸಿಕೊಂಡಿದ್ದಾನೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಪಡಿತರ ಚೀಟಿ, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಆಸ್ಪತ್ರೆಯಲ್ಲಿ 'ಆರೋಗ್ಯ ಮಿತ್ರ' ಎಂಬವರು ಕೂರುತ್ತಾರೆ, ಬಿಲ್ ಕಟ್ಟುವ ಮೊದಲು ಅವರ ಮೇಜಿಗೆ ಹೋಗಿ. ಕೈಯಿಂದ ಕಟ್ಟಿಬಿಟ್ಟರೆ ವಾಪಸ್ ಬರುತ್ತದೆಂದು ನಂಬಬೇಡಿ. ಪ್ರಯಾಣ, ಜೊತೆಗೆ ಬಂದವರ ಊಟ, ಅವರ ಕೂಲಿ ನಷ್ಟ ಈ ಯೋಜನೆಯಲ್ಲಿ ಸಿಗುತ್ತದೆಂದು ಲೆಕ್ಕ ಹಾಕಬೇಡಿ, ಮನೆ ಸೋರುವುದು ಅಲ್ಲಿಂದಲೇ.

ಪ್ರಯಾಣಕ್ಕೆ ರೈಲು ಹಿಡಿಯಿರಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಯವರಿಗೆ ಶೇ. 75. ಎರಡನೇ ದರ್ಜೆಯಲ್ಲಿ ಇಬ್ಬರಿಗೂ ಶೇ. 75. ನಮೂನೆಗೆ ಆಸ್ಪತ್ರೆಯ ಸಹಿ, ಮೊಹರು ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವೇನೋ ಹೌದು. ಆದರೆ ಬೆನ್ನುಮೂಳೆ ಟೊಳ್ಳಾದವರಿಗೆ ರಸ್ತೆಯ ಉಬ್ಬುಗಳು ಉಚಿತವಲ್ಲ.

ಔಷಧಿಗೆ ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧಿಯ ಹೆಸರು ಬರೆಸಿ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಪಾಲ್ಬೊಸಿಕ್ಲಿಬ್ ಎಂಬ ಸ್ತನ ಕ್ಯಾನ್ಸರ್ ಮಾತ್ರೆಯ ಪೇಟೆಂಟ್ 2023ರ ಜನವರಿಯಲ್ಲಿ ಮುಗಿದು, ನಮ್ಮ ದೇಶದ ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆ ಧಡಾರನೆ ಬಿತ್ತು. ಹಳೆಯ ಬ್ರ್ಯಾಂಡಿಗೇ ಅಂಟಿಕೊಂಡವರು ಹೆಚ್ಚಿನ ಬೆಲೆ ತೆರಬೇಕಾಗಬಹುದು. ಎಂ.ಆರ್.ಪಿ. ನೋಡಿ ಗಾಬರಿಯಾಗಬೇಡಿ, ಎರಡು ಮೂರು ಕಡೆ ದರ ಕೇಳಿ. ಕ್ಯಾನ್ಸರ್ ಔಷಧಿಯಲ್ಲಿ ಚೌಕಾಸಿ ನಡೆಯುತ್ತದೆ. ಮನೆಯಲ್ಲಿ ಆದಾಯ ತೆರಿಗೆ ಕಟ್ಟುವವರಿದ್ದು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, 80ಡಿಡಿಬಿ ಎಂದು ಹೆಸರಾದ ವಿನಾಯಿತಿಯಲ್ಲಿ ಚಿಕಿತ್ಸೆಯ ಖರ್ಚಿಗೆ 40,000 ರೂಪಾಯಿ, ರೋಗಿ ಹಿರಿಯ ನಾಗರಿಕರಾದರೆ 1 ಲಕ್ಷದವರೆಗೆ ಕಳೆಯಬಹುದು.

ಮೀಟರ್ ಬಡ್ಡಿಗೆ ಕೈ ಹಾಕಲೇಬೇಡಿ. ಚಿನ್ನ ಬಿಡಿಸಿಕೊಳ್ಳುವ ಶಕ್ತಿ ಇಲ್ಲವೆಂದು ಗೊತ್ತಿದ್ದರೆ ಅಡವಿಡುವುದಕ್ಕಿಂತ ಮಾರುವುದೇ ಲೇಸು, ಬಡ್ಡಿಯಾದರೂ ಉಳಿಯುತ್ತದೆ. ಮಗಳ ಓದಿನ ದುಡ್ಡನ್ನು ಬೇರೆ ಖಾತೆಗೆ ಹಾಕಿಸಿದ್ದೇನೆ. ಅದು ನನ್ನ ಚಿಕಿತ್ಸೆಗೆ ಇಲ್ಲ ಎಂದು ಎಲ್ಲರ ಮುಂದೆ ಹೇಳಿಯೂ ಆಗಿದೆ. ದುಡಿಮೆಯನ್ನು ಪೂರ್ತಿ ಬಿಟ್ಟಿಲ್ಲ. ಮೆಷಿನ್ ತುಳಿಯಲಾಗದು, 10 ಗಂಟೆಯ ಮಾತ್ರೆ ಹಿಡಿದ ಮೇಲೆ ಸೀರೆಗೆ ಕುಚ್ಚು ಕಟ್ಟುತ್ತೇನೆ. ಮುಂಗಡ ಮಾತ್ರ ಯಾರಿಂದಲೂ ತೆಗೆದುಕೊಳ್ಳುವುದಿಲ್ಲ.

ಕಾಗದಪತ್ರ

ಕೈಬರಹ ನೆಟ್ಟಗಿರುವಾಗಲೇ ಇವನ್ನು ಮುಗಿಸಿ. ಬ್ಯಾಂಕ್ ಖಾತೆಯನ್ನು 'ಯಾರಾದರೊಬ್ಬರು ಅಥವಾ ಬದುಕಿರುವವರು' ಎಂಬ ಜಂಟಿ ಖಾತೆ ಮಾಡಿಸಿ. ವಿಮೆ, ಠೇವಣಿ, ಸಂಘದ ಉಳಿತಾಯಕ್ಕೆ ನಾಮಿನಿ ಹೆಸರು ಇದೆಯೇ ನೋಡಿ. ವಿಲ್ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಬೇಕು. ಪಾಲು ಪಡೆಯುವವರು ಸಾಕ್ಷಿಯಾಗದಿರುವುದು ಒಳ್ಳೆಯದು. ಅಣ್ಣತಮ್ಮಂದಿರ ತಕರಾರಿನ ಲಕ್ಷಣವಿದ್ದರೆ ನೋಂದಣಿ ಮಾಡಿಸಿಯೇ ಬಿಡಿ. ಜಮೀನು ನಿಮ್ಮ ಹೆಸರಿನಲ್ಲಿದ್ದರೆ ಮುಂದೆ ಪೌತಿ ಖಾತೆಗೆ, ಅಂದರೆ ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು ಬೇಕಾಗುವ ಪಹಣಿ, ವಂಶವೃಕ್ಷದ ಪ್ರತಿ ಒಂದೇ ಫೈಲಿನಲ್ಲಿರಲಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಯಾರದು ಎಂಬುದನ್ನೂ ನೋಡಿಕೊಳ್ಳಿ.

ಕೊನೆಯಲ್ಲಿ ವೆಂಟಿಲೇಟರ್ ಬೇಡ ಎನ್ನುವವರು ಅದನ್ನು ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಇದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶವನ್ನೂ ಹೊರಡಿಸಿದೆ. ಮನೆಯಲ್ಲಿ ನೋಡಿಕೊಳ್ಳಲು ಆಗದಿದ್ದರೆ ಬೆಂಗಳೂರಿನ ಮಾರತಹಳ್ಳಿ ಕಡೆಯ ಕರುಣಾಶ್ರಯದಲ್ಲಿ ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಇದೆ. ಅಲ್ಲಿಗೆ ಕಳಿಸಿದರೆ ಕೈಬಿಟ್ಟಂತೆ ಎಂದು ಯಾರೂ ಕೊರಗಬೇಕಿಲ್ಲ.

ಮನೆಯಲ್ಲೇ ಇರುವುದೆಂದು ತೀರ್ಮಾನಿಸಿದರೆ, ಸಾವಾದಾಗ ಬಂದು ನೋಡಿ ಕಾರಣ ಬರೆದುಕೊಡುವ ವೈದ್ಯರು ಯಾರು ಎಂದು ಈಗಲೇ ಮಾತಾಡಿಟ್ಟುಕೊಳ್ಳಿ. ಗ್ರಾಮ ಪಂಚಾಯಿತಿ ಅಥವಾ ನಗರಸಭೆಯಲ್ಲಿ 21 ದಿನದೊಳಗೆ ಮರಣ ನೋಂದಣಿ ಆಗಬೇಕು, ತಡವಾದರೆ ಅಲೆದಾಟ. ಪ್ರಮಾಣಪತ್ರದ ಪ್ರತಿಗಳನ್ನು ಧಾರಾಳವಾಗಿ ತೆಗೆಸಿ, ಬ್ಯಾಂಕು, ವಿಮೆ, ಪಡಿತರ, ಗ್ಯಾಸ್ ಎಲ್ಲ ಕಡೆಯೂ ಒಂದೊಂದು ಕೇಳುತ್ತಾರೆ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಕೊಟ್ಟ ಆಸ್ಪತ್ರೆಗೇ ಹಿಂತಿರುಗಿಸಬೇಕು. ನಮ್ಮ ಮನೆಯಲ್ಲಿ ಆ ಕೆಲಸ ತಮ್ಮನಿಗೆ ಒಪ್ಪಿಸಿದ್ದೇನೆ. ಮುನಿಸಿದ್ದರೂ ಅವನು ಹೇಳಿದ ಕೆಲಸ ಮರೆಯುವವನಲ್ಲ.